ಸೇತುವೆಯ ಮೇಲೆ ನಿಂತವರು

ಟೊರೊಂಟೊಗೆ ಬಂದ ಹೊಸದರಲ್ಲಿ ಒಂದು ಶನಿವಾರ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಂಡು ಕಿಂಗ್‌ಸ್ಟನ್ ಕಡೆಗೆ ಹೊರಟಿದ್ವಿ. 401 ಹೆದ್ದಾರಿಯಲ್ಲಿ ಕೆಂಪು ಪಾಪಿ ಹೂವಿನ ಚಿತ್ರವಿದ್ದ ಫಲಕ ಕಾಣಿಸಿತು, ‘ಹೈವೇ ಆಫ್ ಹೀರೋಸ್’ ಅಂತ. ‘ಯಾವ ಹೀರೋಗಳ ರಸ್ತೆ ಇದು?’ ಅಂದಳು ನನ್ನ ಹೆಂಡತಿ. ನನಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಆಮೇಲೆ, ಆಫೀಸಿನಲ್ಲಿ.

ಅಫ್ಘಾನಿಸ್ತಾನದಲ್ಲಿ ಸತ್ತ ಕೆನಡಾದ ಸೈನಿಕರ ದೇಹಗಳು ವಿಮಾನದಲ್ಲಿ ಟ್ರೆಂಟನ್ ವಾಯುನೆಲೆಗೆ ಬರುತ್ತಿದ್ದವು. ಮರಣೋತ್ತರ ಪರೀಕ್ಷೆ ನಡೆಯುತ್ತಿದ್ದದ್ದು ಟೊರೊಂಟೊದಲ್ಲಿ. ನಡುವೆ ಸುಮಾರು 170 ಕಿಲೋಮೀಟರ್ ದಾರಿ. 2002ರ ಏಪ್ರಿಲ್‌ನಲ್ಲಿ ಮೊದಲ ನಾಲ್ವರು ಬಂದರು. ಅವರನ್ನು ಕೊಂದದ್ದು ಶತ್ರುವಲ್ಲ. ಕಂದಹಾರ್ ಹತ್ತಿರ ರಾತ್ರಿ ಅಭ್ಯಾಸ ಮಾಡುತ್ತಿದ್ದಾಗ ಅಮೆರಿಕದ ವಿಮಾನವೊಂದು ತಪ್ಪಾಗಿ ಬಾಂಬ್ ಹಾಕಿತ್ತು. ಅವರ ಶವವಾಹನಗಳು ಸಾಗುವಾಗ ಹೆದ್ದಾರಿಯ ಮೇಲಿನ ಸೇತುವೆಗಳಲ್ಲಿ ಜನ ಬಂದು ನಿಂತರು. ಸರ್ಕಾರ ಆದೇಶ ಕೊಟ್ಟಿರಲಿಲ್ಲ, ಯಾವ ಪಕ್ಷದವರೂ ಕರೆದಿರಲಿಲ್ಲ. ಮುಂದೆ ಇದೇ ರೂಢಿಯಾಯಿತು. ಅಗ್ನಿಶಾಮಕದವರು ತಮ್ಮ ವಾಹನವನ್ನು ಸೇತುವೆಯ ಮೇಲೆ ತಂದು ನಿಲ್ಲಿಸುತ್ತಿದ್ದರು, ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಈ ಊರಿನ ಜನವರಿ ಹೇಗಿರುತ್ತೆ ಅಂತ ಹಾಸನದಲ್ಲಿ ಕೂತವರಿಗೆ ಹೇಳಿದರೆ ಅರ್ಥವಾಗಲ್ಲ. ಮೂಗಿನೊಳಗಿನ ಗಾಳಿಯೂ ಗಟ್ಟಿಯಾದ ಹಾಗಿರುತ್ತೆ. ಆ ಚಳಿಯಲ್ಲೂ ಕಾದು ನಿಂತಿದ್ದರಂತೆ. 2007ರಲ್ಲಿ ಜನರ ಒತ್ತಾಯಕ್ಕೆ ಈ ದಾರಿಗೆ ಈ ಹೆಸರು ಬಂತು.

ಹಾಗೆ ನಿಂತವರೆಲ್ಲ ಯುದ್ಧ ಬೇಕು ಅಂದವರಲ್ಲ. 2006ರ ಮೇನಲ್ಲಿ ಸೇನೆಯನ್ನು ಇನ್ನೂ ಎರಡು ವರ್ಷ ಅಲ್ಲೇ ಇರಿಸೋಣ ಅನ್ನುವ ನಿರ್ಣಯ ಇಲ್ಲಿನ ಸಂಸತ್ತಿನಲ್ಲಿ ಗೆದ್ದದ್ದು 149ಕ್ಕೆ 145 ಮತಗಳಿಂದ. ಅಂದರೆ ದೇಶ ಎರಡು ಹೋಳಾಗಿತ್ತು. ಮರುವರ್ಷ ಟೊರೊಂಟೊದ ಅಗ್ನಿಶಾಮಕ ವಾಹನ, ಆಂಬುಲೆನ್ಸ್‌ಗಳ ಮೇಲೆ ಅಂಟಿಸಿದ್ದ ಹಳದಿ ರಿಬ್ಬನ್ ಸ್ಟಿಕ್ಕರ್ ತೆಗೆಯಬೇಕೋ ಬೇಡವೋ ಅಂತ ದೊಡ್ಡ ಜಗಳವೇ ಆಯಿತು. ಅದು ಸೈನಿಕನಿಗೆ ಬೆಂಬಲವೋ ಯುದ್ಧಕ್ಕೋ ಅನ್ನುವುದು ಪ್ರಶ್ನೆ. ಕೊನೆಗೆ ಸ್ಟಿಕ್ಕರ್ ಉಳಿಯಿತು, ಪ್ರಶ್ನೆಯೂ ಉಳಿಯಿತು.

ಮಿತ್ರರಾಷ್ಟ್ರಗಳು ಒಂದೊಂದಾಗಿ ಹೊರಟವು. 2010ರಲ್ಲಿ ಇದೇ ವಿಷಯಕ್ಕೆ ನೆದರ್‌ಲ್ಯಾಂಡ್ಸ್ ಸರ್ಕಾರ ಬಿದ್ದೇಹೋಗಿ, ಆಗಸ್ಟ್‌ನಲ್ಲಿ ಅವರು ತಮ್ಮ ಕೆಲಸ ಮುಗಿಸಿದರು. ಕೆನಡಾ 2011ರ ಜುಲೈನಲ್ಲಿ ಕಂದಹಾರ್‌ನ ಕಾಳಗ ನಿಲ್ಲಿಸಿತು. ತರಬೇತಿ ಕೊಡಲು ಉಳಿದಿದ್ದವರೂ 2014ರ ಮಾರ್ಚ್‌ನಲ್ಲಿ ವಾಪಸಾದರು. ಒಟ್ಟು 158 ಸೈನಿಕರು ಸತ್ತಿದ್ದರು. ಅಲ್ಲಿ ಸೇವೆ ಮಾಡಿದವರು 40,000ಕ್ಕೂ ಹೆಚ್ಚು.

ಇಷ್ಟನ್ನೂ ನನಗೆ ಹೇಳಿದವರು ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಒಬ್ಬರು. ಅವರು ಮಾಜಿ ಸೈನಿಕರು ಅಂತ ನಮಗೆ ಗೊತ್ತಾಗಿದ್ದೇ ಒಂದು ನವೆಂಬರ್ 11ರಂದು. ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ ಇರುತ್ತೆ ಅನ್ನೋದನ್ನ ಮರೆತು ನಾನು ಅದೇ ಹೊತ್ತಿಗೆ ಮೀಟಿಂಗ್ ಇಟ್ಟಿದ್ದೆ. ಅವರು ಬೈಯಲಿಲ್ಲ. ‘ಐದು ನಿಮಿಷ ತಡವಾಗಿ ಬರ್ತೀನಿ’ ಅಂತ ಒಂದೇ ಸಾಲು ಮೆಸೇಜ್ ಹಾಕಿದ್ದರು. ಮಧ್ಯಾಹ್ನ ಕ್ಷಮೆ ಕೇಳೋಕೆ ಹೋದೆ. ಕಾಫಿ ಕುಡಿಯುತ್ತಾ ಮಾತು ಬೆಳೀತು. ಸೇತುವೆಗಳ ಬಗ್ಗೆ ನಾನು ಬಹಳ ಭಾವುಕನಾಗಿ ಮಾತಾಡಿದೆ ಅಂತ ಕಾಣುತ್ತೆ. ಅವರು ತಡೆದು ಹೇಳಿದ್ದು ಹೆಚ್ಚೂಕಮ್ಮಿ ಹೀಗೆ: ‘ಅದು ದೊಡ್ಡ ವಿಷಯಾನೇ, ನನ್ನ ಗೆಳೆಯನಿಗೂ ಹಾಗೇ ನಿಂತಿದ್ದರು. ಆದರೆ ನಾನು ಬದುಕಿ ಬಂದೆನಲ್ಲ, ನನಗೆ ಸಿಕ್ಕಿದ್ದು ಫಾರಂಗಳು.’ ಒಂದು ಕಿವಿ ಸರಿಯಾಗಿ ಕೇಳಿಸದು ಅಂತ ಸಾಬೀತು ಮಾಡುವುದಕ್ಕೇ ಅವರಿಗೆ ವರ್ಷಗಳು ಹಿಡಿದವಂತೆ. ಜುಲೈ 1ರ ಕೆನಡಾ ದಿನದಂದು ಊರೆಲ್ಲ ಪಟಾಕಿ ಹೊಡೆಯುವಾಗ ಅವರು ನಾಯಿಯನ್ನು ಕರಕೊಂಡು ನೆಲಮಾಳಿಗೆಗೆ ಇಳಿಯುತ್ತಾರೆ. ಭಯ ನಾಯಿಗೆ ಅಂತ ಮನೆಯವರಿಗೆ ಹೇಳಿದ್ದಾರೆ.

ಆಮೇಲೆ ಕುತೂಹಲಕ್ಕೆ ಹಳೇ ಪತ್ರಿಕೆಗಳನ್ನ ಹುಡುಕಿ ಓದಿದೆ. ಗಾಯಗೊಂಡ ಸೈನಿಕನಿಗೆ ಜೀವನಪೂರ್ತಿ ಪಿಂಚಣಿ ಕೊಡುವ ಬದಲು ಒಂದೇ ಸಲ ಇಡುಗಂಟು ಕೊಟ್ಟು ಕೈತೊಳೆದುಕೊಳ್ಳುವ ಕಾನೂನು ಇಲ್ಲಿ ಜಾರಿಯಾದದ್ದು 2006ರಲ್ಲಿ, ಅಂದರೆ ಸೇತುವೆಗಳ ಮೇಲೆ ಜನ ಕಿಕ್ಕಿರಿದು ನಿಲ್ಲುತ್ತಿದ್ದ ಕಾಲದಲ್ಲೇ. ಅದಕ್ಕೆ ಎಲ್ಲ ಪಕ್ಷಗಳೂ ಒಪ್ಪಿದ್ದವು. ಕೊನೆಯ ಸೈನಿಕರು ಮನೆಗೆ ಬರುವ ಸುಮಾರು ಒಂದೂವರೆ ತಿಂಗಳ ಮೊದಲು, 2014ರ ಜನವರಿ ಕೊನೆಗೆ, ಥಂಡರ್ ಬೇ, ವಿಂಡ್ಸರ್, ಸಸ್ಕಟೂನ್ ಮುಂತಾದ ಕಡೆ ಮಾಜಿ ಸೈನಿಕರ ಕಚೇರಿಗಳಿಗೆ ಬೀಗ ಬಿತ್ತು. ಆಮೇಲೆ ಬಂದ ಸರ್ಕಾರ ಅವನ್ನು ಮತ್ತೆ ತೆರೆಯಿತು ಅನ್ನಿ. ಪಿಂಚಣಿಗಾಗಿ ಗಾಯಾಳುಗಳು ಕೋರ್ಟಿಗೆ ಹೋದರೆ, ಸೈನಿಕರ ಬಗ್ಗೆ ವಿಶೇಷ ಹೊಣೆಯೇನೂ ತನಗಿಲ್ಲ ಅನ್ನುವ ಅರ್ಥದಲ್ಲಿ ಸರ್ಕಾರದ ವಕೀಲರು ವಾದ ಮಾಡಿದರು. 2018ರಲ್ಲಿ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಅದೇ ವರ್ಷ ಎಡ್ಮಂಟನ್‌ನ ಸಭೆಯೊಂದರಲ್ಲಿ, ಕಾಲು ಕಳಕೊಂಡಿದ್ದ ಮಾಜಿ ಸೈನಿಕರೊಬ್ಬರು ಈ ದಾವೆ ಬಗ್ಗೆ ಕೇಳಿದಾಗ, ಪ್ರಧಾನಿ ಟ್ರೂಡೊ ಕೊಟ್ಟ ಉತ್ತರದ ಸಾರಾಂಶ, ಈಗ ನಾವು ಕೊಡಬಲ್ಲದ್ದಕ್ಕಿಂತ ಹೆಚ್ಚು ಕೇಳುತ್ತಿದ್ದೀರಿ ಅಂತ. ಜೀವನಪೂರ್ತಿ ಪಿಂಚಣಿಯ ಆಯ್ಕೆ ಮತ್ತೆ ಬಂದದ್ದು 2019ಕ್ಕೆ. ಅಷ್ಟರೊಳಗೆ, ಅಫ್ಘಾನಿಸ್ತಾನದಿಂದ ಮರಳಿದವರಲ್ಲಿ ಕನಿಷ್ಠ 54 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದಾರೆ ಅಂತ ‘ಗ್ಲೋಬ್ ಅಂಡ್ ಮೇಲ್’ ಪತ್ರಿಕೆ 2015ರಲ್ಲೇ ಬರೆದಿತ್ತು. ಅವರು ಆ 158ರ ಲೆಕ್ಕಕ್ಕೆ ಸೇರಿಲ್ಲ.

ಇದನ್ನೆಲ್ಲ ಓದಿ ಇಲ್ಲಿನವರ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ನನಗೇನು ಹಕ್ಕಿದೆ ಅಂತ ಅನ್ನಿಸಿದ್ದು ನಮ್ಮ ದೊಡ್ಡಪ್ಪ ನೆನಪಾದಾಗ.

ದೊಡ್ಡಪ್ಪ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿದ್ದವರು. 1987ರಲ್ಲಿ ಆ ದೇಶದ ಸರ್ಕಾರದ ಜೊತೆ ಒಪ್ಪಂದವಾಗಿ ಹೋದ ನಮ್ಮ ಸೇನೆ ಅಲ್ಲಿ ಸುಮಾರು 1,200 ಜನರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಹಿಂತಿರುಗಿತು. ಕೊನೆಯ ತುಕಡಿ ಮದ್ರಾಸ್ ಬಂದರಿಗೆ ಬಂದಾಗ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ದೊಡ್ಡಪ್ಪ ರೈಲು ಹತ್ತಿ, ಬಸ್ಸು ಹತ್ತಿ, ಹೆಗಲ ಮೇಲೆ ಟ್ರಂಕು ಹೊತ್ತುಕೊಂಡು ಊರಿಗೆ ಬಂದಿದ್ದರಂತೆ. ನಾನು ಹುಟ್ಟುವ ಮುಂಚಿನ ಮಾತು. ನನಗೆ ಗೊತ್ತಿರುವ ದೊಡ್ಡಪ್ಪ ನಿವೃತ್ತರಾಗಿ, ಹಾಸನದ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂರುತ್ತಿದ್ದವರು. ನಮ್ಮ ಮನೆಗಳಲ್ಲಿ ಅವರನ್ನು ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ, ‘ಈ ತಿಂಗಳು ಕ್ಯಾಂಟೀನ್‌ಗೆ ಯಾವಾಗ ಹೋಗ್ತೀರಾ?’ ಮದುವೆ ಹತ್ತಿರ ಬಂದರೆ ರಮ್ಮಿಗೆ, ಹಬ್ಬ ಬಂದರೆ ಮಿಕ್ಸಿಗೆ. ಕೆನಡಾಕ್ಕೆ ಹೊರಡುವಾಗ ನಾನೂ ಅವರ ಕಾರ್ಡಿನಲ್ಲೇ ಟ್ರಾಲಿ ಬ್ಯಾಗ್ ತರಿಸಿಕೊಂಡಿದ್ದೆ. ಅಷ್ಟು ವರ್ಷದಲ್ಲಿ ಜಾಫ್ನಾದಲ್ಲಿ ಏನಾಯ್ತು ಅಂತ ಒಂದು ಸಲವೂ ಕೇಳಿರಲಿಲ್ಲ.

ಕಳೆದ ವಾರ ಫೋನ್ ಮಾಡಿ ಕೇಳಿದೆ. ‘ಈಗ್ಯಾಕಪ್ಪ ಅದು’ ಅಂದ್ರು. ನಾನು ಇಲ್ಲಿಯ ಸೇತುವೆಗಳ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ‘ಯಾರೂ ಕರೀದೇನೇ ಬರ್ತಿದ್ರಾ? ಹಿಮದಲ್ಲಿ?’ ಅಂತ ಎರಡು ಸಲ ಕೇಳಿದ್ರು. ಆಮೇಲೆ ತಮ್ಮ ಸೆಕ್ಷನ್‌ನಲ್ಲಿದ್ದ ಧಾರವಾಡದ ಕಡೆಯ ಹುಡುಗನೊಬ್ಬನ ಹೆಸರು ಹೇಳಿದರು. ಅವನು ಚೆನ್ನಾಗಿ ಹಾಡ್ತಿದ್ದ ಅಂದರು. ನೆಲಬಾಂಬಿಗೆ ಹೋದನಂತೆ. ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಅರ್ಧ ನನಗೆ ಬರೆಯಬಾರದು ಅನ್ನಿಸುವಂಥದ್ದು. ಮಧ್ಯೆ ಹಿಂದುಗಡೆಯಿಂದ ದೊಡ್ಡಮ್ಮನ ದನಿ ಕೇಳಿಸಿತು, ‘ಇದನ್ನ ನನಗೆ ಹೇಳೇ ಇಲ್ವಲ್ರೀ ನೀವು’ ಅಂತ.

‘ನೀನೂ ಕೇಳಿರ್ಲಿಲ್ಲ’ ಅಂದರು ದೊಡ್ಡಪ್ಪ.