ಪೋಸ್ಟರ್ ನೋಡಿ ಹೊಲ ಮಾಡಬ್ಯಾಡ್ರಿ

ಈ ಸಲ ಮೇಳಕ್ಕ ಹೋಗೋರು ಇದನ್ನ ಓದಿ ಹೋಗ್ರಿ.

ಹೋದ ವರ್ಷ ಒಂದು ಕೃಷಿ ಮೇಳದಾಗ ನಾಟಿ ತೊಗರಿ ಪೋಸ್ಟರ್ ನೋಡಿದೆ. ಬಾಗಿಲಿನಷ್ಟು ಫ್ಲೆಕ್ಸು. ನಡುವೆ ಕೆಂಪು ಅಕ್ಷರದಾಗ ಒಂದೇ ಸಾಲು: ಚೀಲದಾಗ ಸಸಿ ಮಾಡಿ ನಾಟಿ ಹಚ್ಚಿದ್ರ ಬಿತ್ತಿದ್ದಕ್ಕಿಂತ ಇಳುವರಿ ಹೆಚ್ಚು. ಪಕ್ಕಕ್ಕ ಗ್ರಾಫ್, ಮೂಲ್ಯಾಗ ಕ್ಯೂಆರ್ ಕೋಡ್. ನಾ ನಂಬಿದೆ. ಎರಡು ಎಕರೆ ಮಡ್ಡಿಯಾಗ ಹಚ್ಚಿದೆ. ಆಗಸ್ಟ್‌ನ್ಯಾಗ ಮಳಿ ಕೈಕೊಡ್ತು. ನಾಟಿ ತೊಗರಿಗೆ ಗಿಡದಿಂದ ಗಿಡಕ್ಕ ಅಂತರ ಜಾಸ್ತಿ, ಒಂದು ಒಣಗಿದ್ರ ಅಲ್ಲಿ ಬಯಲು. ಬದುವಿನ ಆಚೆ ಕೂರಿಗಿಲೆ ಬಿತ್ತಿದವರ ತೊಗರಿ ನನ್ನದಕ್ಕಿಂತ ಚಲೋ ಬಂತು.

ಆಮ್ಯಾಲೆ ಅಕ್ಕನ ಮಗ ಬಿಎಸ್ಸಿ ಅಗ್ರಿ ಓದಾವ ಮೂಲ ಲೇಖನ ತೆಗೆದು ಓದಿ ಹೇಳಿದ. ಎಂಟು ಪುಟ ಇಂಗ್ಲಿಷ್. ಪ್ರಯೋಗ ಹೆಂಗ ಮಾಡಿದ್ರು ಅನ್ನೋ ಭಾಗದಾಗ ಸ್ಪಷ್ಟ ಬರದಾರ: ಆಳವಾದ ಎರಿ ಭೂಮಿ, ಹೂವಿನ ಹೊತ್ತಿಗೆ ಒಂದು ನೀರು, ಕಾಯಿ ಕಟ್ಟುವಾಗ ಇನ್ನೊಂದು. ಲೇಖನ ಸುಳ್ಳು ಹೇಳಿಲ್ಲ. ಅದನ್ನ ಪೋಸ್ಟರ್ ಮಾಡಿದವರು ಆ ಎರಡು ಸಾಲು ಕತ್ತರಿಸಿದ್ರು. ನಾಟಿ ಪದ್ಧತೀನೂ ಕೆಟ್ಟದ್ದಲ್ಲ, ಎರಿ ಹೊಲ, ನೀರು ಇದ್ದವರಿಗೆ ಒಳ್ಳೆಯದೇ.

ಇದನ್ನ ಹೇಳಿದ್ರ, ಪೋಸ್ಟರಿನ್ಯಾಗ ಜಾಗ ಇರೂದಿಲ್ಲ ಅಂತಾರ. ಮೂರು ಲಾಂಛನ, ಐದಾರು ಸಾಹೇಬ್ರ ಹೆಸರು, ಉದ್ಘಾಟನೆ ಫೋಟೋ, ಇದಕ್ಕೆಲ್ಲ ಜಾಗ ಐತಿ. ಮಣ್ಣು ಯಾವುದು ಅಂತ ಬರಿಯಾಕ ಒಂದು ಗೇಣು ಇಲ್ಲೇನ್ರಿ?

ನಡುವೆ ಒಂದೇ ಸಾಲು ಬರಿಯೋದು 2019ರಾಗ ಅಮೆರಿಕದ ಮೈಕ್ ಮಾರಿಸನ್ ಅನ್ನೋ ವಿದ್ಯಾರ್ಥಿ ತಂದ ಪದ್ಧತಿಯಂತ, ಹುಡುಗ ಹೇಳಿದ. ಓದಿದವರು ಓದಿದವರಿಗೆ ತೋರಿಸಾಕ ಚಲೋ ಇರಬಹುದು. ಅವರು ಕೋಡ್ ಸ್ಕ್ಯಾನ್ ಮಾಡಿ ಉಳಿದದ್ದು ಓದ್ತಾರ. ನಮಗ ಮೇಳದಾಗ ನೆಟ್‌ವರ್ಕೇ ಇರೂದಿಲ್ಲ, ಇದ್ರೂ ತೆರೆಯೋದು ಇಂಗ್ಲಿಷ್ ಪುಟ. ಆ ಒಂದು ಸಾಲು ನಂಬಿ ನಾವು ಬೀಜ, ಗೊಬ್ಬರ, ಆಳು ಎಲ್ಲಾ ಹಾಕ್ತೀವಿ.

ತರಬೇತಿಯೊಳಗ ಪರದೆ ಮ್ಯಾಲೆ ತೋರಿಸೋ ಸ್ಲೈಡುಗಳ ಕಥೀನೂ ಅದೇ. ಒಂಬತ್ತು ಕ್ವಿಂಟಲ್, ಹತ್ತು ಕ್ವಿಂಟಲ್ ಎರಡು ಕಂಬ ಇದ್ರ, ಗ್ರಾಫ್ ಸೊನ್ನೆ ಬಿಟ್ಟು ಎಂಟರಿಂದ ಶುರು ಮಾಡ್ತಾರ. ಆಗ ಎರಡನೇ ಕಂಬ ಮೊದಲಿನದರ ಇಮ್ಮಡಿ ಎತ್ತರ ಕಾಣತೈತಿ. ಹೆಚ್ಚು ಬಂದದ್ದು ಒಂದೇ ಕ್ವಿಂಟಲ್, ಅದೂ ಹೆಕ್ಟೇರಿಗೆ, ಅಂದ್ರ ಸುಮಾರು ಎರಡೂವರೆ ಎಕರೆಗೆ. ಎಕರೆಗೆ ನಲವತ್ತು ಕಿಲೋ. ಅದಕ್ಕಾಗಿ ಖರ್ಚು ಎಷ್ಟು ಆತು ಅನ್ನೋ ಸ್ಲೈಡ್ ನಾ ಒಂದೂ ನೋಡಿಲ್ಲ.

ಪೋಸ್ಟರ್ ಮುಂದ ನಿಂತ ಹುಡುಗರನ್ನ ಬೈಬ್ಯಾಡ್ರಿ, ಅವರು ಮೇಲಿನವರು ಹೇಳಿದ್ದು ಮಾಡ್ತಾರ. ಆದ್ರ ಬಿಡಬ್ಯಾಡ್ರಿ, ಕೇಳ್ರಿ: ಯಾವ ಮಣ್ಣು, ಎಷ್ಟು ನೀರು, ಎಷ್ಟು ವರ್ಷ ನೋಡೀರಿ, ಯಾವುದಕ್ಕ ಹೋಲಿಸಿ ಹೆಚ್ಚು? ಉತ್ತರ ಗೊತ್ತಿಲ್ಲಂದ್ರ ಅವರ ಸಾಹೇಬ್ರಿಗೆ ಅಲ್ಲೇ ಫೋನ್ ಹಚ್ಚಸ್ರಿ.

ನನ್ನ ಕಡೆ ಸಸಿ ಚೀಲ ಇನ್ನೂ ಒಂದು ಕಟ್ಟು ಉಳದಾವ. ಎರಿ ಹೊಲ ಇದ್ದವರು ಬಂದು ಒಯ್ಯಿರಿ, ರೊಕ್ಕ ಬ್ಯಾಡ.