ತಾರೀಖುಳ್ಳ ಚಿತ್ರದ ಬೆಲೆ

ವಸಂತ ಋತುವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಚಿಗುರಿದ ಮಾವು, ಕೂಗುವ ಕೋಗಿಲೆ, ತಿಳಿಯಾದ ಆಕಾಶ. ಈ ಕಲ್ಪನೆ ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ನಮ್ಮ ಮಲೆನಾಡಿನಲ್ಲಿ ಫಾಲ್ಗುಣ ಕಳೆದು ಚೈತ್ರ ಕಾಲಿಡುವ ದಿನಗಳನ್ನು ನಂಬುವಂತಿಲ್ಲ. ಬೆಳಿಗ್ಗೆ ಮಂಜು, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಸಂಜೆಗೆ ಗುಡುಗು, ಒಮ್ಮೊಮ್ಮೆ ಆಲಿಕಲ್ಲು. ಇಂಥ ಹವೆಯಲ್ಲಿ ಕ್ಯಾಮೆರಾ ಹಿಡಿದು ತಿರುಗಾಡಲು ಹೊರಡುವುದು ವ್ಯರ್ಥವೆಂದು ಹಲವರು ಭಾವಿಸುತ್ತಾರೆ. ಅದಕ್ಕೆ ತಕ್ಕ ಕಾಲ ಇದೇ ಎಂಬುದು ನನ್ನ ಅಭಿಪ್ರಾಯ.

ನಿವೃತ್ತನಾದ ಮೇಲೆ ಊರಿನಿಂದ ಕೆರೆಯ ಏರಿಯವರೆಗೆ ನಡೆಯುವುದು ನನ್ನ ನಿತ್ಯದ ರೂಢಿ. ದಾರಿಯ ಒಂದು ಬದಿಗೆ ಗದ್ದೆ ಬಯಲು, ಇನ್ನೊಂದು ಬದಿಗೆ ಕಾಫಿ ತೋಟ. ಅಲ್ಲಿ ಚಿತ್ರ ತೆಗೆಯುವಂಥದ್ದು ಏನಿದೆ ಎಂದು ಕೇಳುವವರುಂಟು. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲಿನ ಹಕ್ಕಿಗಳನ್ನೇ ತಾಳ್ಮೆಯಿಂದ ಕಾದು ಚಿತ್ರಿಸಿದರೆಂಬುದನ್ನು ಅಂಥವರಿಗೆ ನೆನಪಿಸುತ್ತೇನೆ. ನೋಡುವ ಕಣ್ಣಿದ್ದರೆ ಮನೆಯ ಅಂಚಿನಲ್ಲೇ ವಿಷಯವಿದೆ.

ಕಾಫಿ ಗಿಡವನ್ನೇ ನೋಡಿ. ಬೇಸಿಗೆಯ ಒಣಹವೆಯಲ್ಲಿ ಅದರ ಮೊಗ್ಗುಗಳು ನಿದ್ರಿಸಿದಂತೆ ಕಾಯುತ್ತಿರುತ್ತವೆ. ಒಂದು ಹದವಾದ ಹೂಮಳೆ ಬಿದ್ದರೆ, ಸುಮಾರು ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ದಾರಿಯನ್ನೆಲ್ಲ ತುಂಬುತ್ತದೆ. ಮೂರು ನಾಲ್ಕು ದಿನಗಳಲ್ಲಿ ಆ ವೈಭವ ಮುಗಿಯುತ್ತದೆ. ಮಳೆ ಸಾಲದೆ ಹೋದರೆ ಮೊಗ್ಗುಗಳು ಅರೆಬರೆ ಅರಳುತ್ತವೆ. ಹೂ ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಪರಾಗಸ್ಪರ್ಶ ಕೆಡುತ್ತದೆ. ಬೆಳೆಗಾರನ ಇಡೀ ವರ್ಷದ ಬದುಕು ಈ ಕೆಲವು ದಿನಗಳ ಮೇಲೆ ನಿಂತಿದೆ. ಆದರೆ ನಮ್ಮ ಆಲ್ಬಮ್ಮುಗಳಲ್ಲಿ ಇರುವುದು ಬಿಳಿ ಹೂವಿನ ಚಿತ್ರ ಮಾತ್ರ. ಮಳೆಗಾಗಿ ಕಾದು ಕಂದಿದ ಮೊಗ್ಗಿನ ಚಿತ್ರ, ಆಲಿಕಲ್ಲಿಗೆ ಉದುರಿದ ಮಾವಿನ ಮಿಡಿಯ ಚಿತ್ರ ಎಲ್ಲಿ? ಒಳ್ಳೆಯ ಬೆಳಕಿನ ದಿನ ಮಾತ್ರ ಕ್ಯಾಮೆರಾ ತೆಗೆಯುವವರು ಋತುವಿನ ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ.

ಸಾಮಾನ್ಯ ಚಿತ್ರಕ್ಕೂ ಬೆಲೆ ಬರುವುದು ತಾರೀಖಿನಿಂದ. ಅಮೆರಿಕದ ಲೋವೆಲ್ ಎಂಬ ಊರಿನ ಸ್ಮಶಾನದಲ್ಲಿ 1868ರ ಮೇ 30ರಂದು, ಯುದ್ಧದಲ್ಲಿ ಮಡಿದ ಸೈನಿಕರ ಸ್ಮರಣೆಯ ದಿನ, ಯಾರೋ ಒಂದು ಛಾಯಾಚಿತ್ರ ತೆಗೆದರು. ಹಿನ್ನೆಲೆಯ ಮರಗಳು ಬೋಳಾಗಿದ್ದವು. 2005ರಲ್ಲಿ ಅದೇ ದಿನ ಅದೇ ಜಾಗದಲ್ಲಿ ಮತ್ತೆ ಚಿತ್ರ ತೆಗೆದಾಗ ಮರಗಳ ತುಂಬ ಎಲೆಯಿತ್ತು. ಇಂಥ ಹಳೆಯ ಚಿತ್ರಗಳನ್ನೂ ಒಣಗಿಸಿಟ್ಟ ಸಸ್ಯಗಳನ್ನೂ ಬಳಸಿ, ಗಿಡಮರಗಳ ಕಾಲಗಣನೆ ಹೇಗೆ ಬದಲಾಗಿದೆಯೆಂದು ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಸಂಗಡಿಗರು 2006ರಲ್ಲಿ ಲೇಖನ ಪ್ರಕಟಿಸಿದರು. ಎರಡು ಚಿತ್ರಗಳಿಂದಲೇ ಏನೂ ಸಿದ್ಧವಾಗದು, ನಿಜ. ಆದರೆ ಮೊದಲ ಚಿತ್ರಕ್ಕೆ ತಾರೀಖು ಇಲ್ಲದಿದ್ದರೆ ಹೋಲಿಸುವ ಮಾತೇ ಏಳುತ್ತಿರಲಿಲ್ಲ.

ನಾವಾದರೋ ಎಲ್ಲವನ್ನೂ ನೆನಪಿಗೆ ಬಿಟ್ಟುಬಿಡುತ್ತೇವೆ. "ಹಿಂದೆಲ್ಲ ಯುಗಾದಿಗೆ ಸರಿಯಾಗಿ ಹೊಂಗೆ ಚಿಗುರುತ್ತಿತ್ತು" ಎನ್ನುತ್ತೇವೆ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂದರೆ, 2025ರಲ್ಲಿ ಮಾರ್ಚ್ 30ಕ್ಕೇ ಬಂದಿತು. ಹಬ್ಬವೇ ಹಿಂದೆ ಮುಂದೆ ಸರಿಯುವಾಗ ಹೊಂಗೆ ತಡವಾಯಿತೆಂದು ಹೇಳುವುದು ಹೇಗೆ? ಋತು ಬದಲಾಗಿದೆಯೆಂಬ ಮಾತಿಗೆ ನೆನಪಿನ ಸಾಕ್ಷ್ಯ ಸಾಲದು.

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಮೊಬೈಲ್ ಫೋನು ಸಾಕು. ದಾರಿಯಲ್ಲಿ ಒಂದು ಹೊಂಗೆ, ಒಂದು ಬೂರುಗ, ಒಂದು ಮಾವು ಹೀಗೆ ಮೂರು ಮರಗಳನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು, ಮೋಡವಿರಲಿ ಬಿಸಿಲಿರಲಿ, ಒಂದೊಂದು ಚಿತ್ರ ತೆಗೆಯಿರಿ. ಮೋಡದ ಬೆಳಕಿಗೆ ಹೆದರಬೇಕಿಲ್ಲ. ಕಡುನೆರಳಿಲ್ಲದ ಆ ಬೆಳಕಿನಲ್ಲಿ ಚಿಗುರಿನ ಬಣ್ಣ ಬಿಸಿಲಿನಲ್ಲಿ ಕಾಣುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕಾಫಿ ಹೂವಾದರೆ ಅದು ಮಳೆಗೆ ಅರಳಿದ್ದೋ ಸ್ಪ್ರಿಂಕ್ಲರ್ ನೀರಿಗೆ ಅರಳಿದ್ದೋ ಎಂಬುದನ್ನೂ ಬರೆದಿಡಿ. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದ್ದರಲ್ಲಿ ತೆಗೆದ ದಿನದ ವಿವರ ಉಳಿಯುವುದಿಲ್ಲ. ಆದ್ದರಿಂದ ಮೂಲಪ್ರತಿಯನ್ನು ಕಾಪಾಡಿ, ನೋಟ್‌ಬುಕ್ಕಿನಲ್ಲಿ ತಾರೀಖು ಗುರುತುಹಾಕಿ.

ಕ್ಯಾಮೆರಾ ಕೈಗೆ ಬಂದರೆ ನಡಿಗೆಯ ಆನಂದ ಹೋಗುತ್ತದೆಂಬ ಆಕ್ಷೇಪವುಂಟು. ಕಂಡದ್ದನ್ನೆಲ್ಲ ಸೆರೆಹಿಡಿಯಹೊರಟರೆ ಹೋಗುವುದು ದಿಟ. ಮೂರು ಮರಗಳಿಗೆ ಮೂರು ನಿಮಿಷ ಕೊಟ್ಟರೆ ಹೋಗಲಾರದು. ಬದಲಿಗೆ, ನಿತ್ಯ ಕಂಡರೂ ನೋಡದೆ ದಾಟುತ್ತಿದ್ದ ಮರದ ಮುಂದೆ ನಿಲ್ಲುವ ಅಭ್ಯಾಸ ಬೆಳೆಯುತ್ತದೆ.

ಶಾಲೆಗೆ ಹೋಗುವ ಮೊಮ್ಮಕ್ಕಳಿದ್ದರೆ ಈ ಕೆಲಸದಲ್ಲಿ ಅವರನ್ನೂ ಜೊತೆಗೂಡಿಸಿಕೊಳ್ಳಿ. ಒಂದು ವರ್ಷದ ಚಿತ್ರಗಳು ಏನನ್ನೂ ಹೇಳಲಾರವು. ಇಪ್ಪತ್ತು ವರ್ಷದವು ಬಹಳ ಹೇಳಬಲ್ಲವು. ಅಷ್ಟು ಕಾಲ ಆ ದಾರಿಯಲ್ಲಿ ನಡೆಯುವ ಕಾಲುಗಳು ಅವರವು, ನಮ್ಮವಲ್ಲ.