ವಿದ್ಯಾರ್ಥಿಗಳ ವೈದ್ಯಯಾತ್ರೆಗೆ ವಂತಿಗೆ

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ರಜೆಯು ಸಮೀಪಿಸಿತೆಂದರೆ ಒಂದು ಬಗೆಯ ವಂತಿಗೆಯ ಸಂಗ್ರಹವು ಆರಂಭವಾಗುತ್ತದೆ. ವೈದ್ಯರಾಗಬೇಕೆಂಬ ಹಂಬಲವುಳ್ಳ ತರುಣ ತರುಣಿಯರು ಬಂಧುಮಿತ್ರರಿಂದ ಹಣವನ್ನು ಕೂಡಿಸಿ, ಮಧ್ಯ ಅಮೆರಿಕದ ಹೊಂಡುರಾಸ್‌ನಂತಹ ಬಡದೇಶಗಳಿಗೆ ಒಂದು ವಾರ, ಹತ್ತು ದಿನಗಳ ಮಟ್ಟಿಗೆ ರೋಗಿಗಳ ಸೇವೆಗೆಂದು ಹೊರಡುವರು. ಅಲ್ಲಿ ಓದುತ್ತಿರುವ ಭಾರತೀಯರ ಮಕ್ಕಳೂ ಇದಕ್ಕೆ ಹೊರತಲ್ಲವಾದುದರಿಂದ, ಅಂತಹ ಕೋರಿಕೆಯೊಂದು ನಮ್ಮ ಓದುಗರಲ್ಲಿ ಯಾರಿಗಾದರೂ ಬಂದರೆ ಆಶ್ಚರ್ಯವಿಲ್ಲ. ವಂತಿಗೆಯ ಪುಸ್ತಕವು ಪರಸ್ಥಳದ ಕನ್ನಡಿಗರಿಗೆ ಹೊಸದೇ? ಹೋಟೆಲಿನ ಮಾಣಿಯಿಂದ ಕಚೇರಿಯ ಗುಮಾಸ್ತನವರೆಗೆ ಅದರಲ್ಲಿ ಹೆಸರು ಬರೆಯಿಸದವರು ವಿರಳ. ಕೊಟ್ಟ ಹಣದಿಂದ ಆದುದೇನೆಂದು ಕೇಳುವ ಹಕ್ಕೂ ಕೊಟ್ಟವನಿಗುಂಟು.

ಯಾತ್ರೆಯ ಕ್ರಮವು ಸಾಮಾನ್ಯವಾಗಿ ಹೀಗಿರುತ್ತದೆ: ಹಳ್ಳಿಯ ಶಾಲೆಯೊಂದು ಕೆಲವು ದಿನಗಳ ಕಾಲ ಚಿಕಿತ್ಸಾಲಯವಾಗುತ್ತದೆ. ವಿದ್ಯಾರ್ಥಿಗಳು ರೋಗಿಗಳ ಹೆಸರು ಬರೆದು, ರಕ್ತದ ಒತ್ತಡವನ್ನು ಅಳೆದು, ವೈದ್ಯರ ಬಳಿಗೆ ಕಳುಹಿಸುವರು; ಕೊನೆಗೆ ಔಷಧದ ಪೊಟ್ಟಣವನ್ನು ಕೊಡುವರು. ಜಂತುಹುಳುವಿಗೆ, ತುರಿಕಜ್ಜಿಗೆ ಇಷ್ಟು ಸಾಕಾದೀತು. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಜೀವಮಾನದ ಸಂಗಾತಿಗಳಷ್ಟೆ! ತಿಂಗಳಿಗೆ ಕೊಟ್ಟ ಗುಳಿಗೆ ಮುಗಿಯುವ ಹೊತ್ತಿಗೆ ತಂಡವು ವಿಮಾನವೇರಿ ಎಷ್ಟೋ ದಿನವಾಗಿರುತ್ತದೆ. ಊರಿನ ಆರೋಗ್ಯ ಕೇಂದ್ರಕ್ಕೆ ಆ ರೋಗಿಯ ದಾಖಲೆಯನ್ನು ಒಪ್ಪಿಸಿರದಿದ್ದರೆ ಅವನ ಪಾಲಿಗೆ ಎಲ್ಲವೂ ಮೊದಲಿನಂತೆಯೇ.

ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಸ್ವದೇಶದಲ್ಲಿ ಗಾಯಕ್ಕೆ ಹೊಲಿಗೆ ಹಾಕಲು ಅನುಮತಿಯಿಲ್ಲದ ವಿದ್ಯಾರ್ಥಿಯು ಪರದೇಶದ ಬಡವನ ಮೈಮೇಲೆ ಕೈ ಪಳಗಿಸಿಕೊಳ್ಳುವುದು ಯಾವ ನ್ಯಾಯ? ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು 2011ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ತರಬೇತಿಯನ್ನು ಮೀರಿದ ಕೆಲಸಕ್ಕೆ ಕೈಹಾಕಬಾರದೆಂದು ವಿದ್ಯಾರ್ಥಿಗಳನ್ನು ಎಚ್ಚರಿಸಿದೆ. ಅದಕ್ಕೂ ಮುನ್ನ, 2010ರಲ್ಲಿ, ತಜ್ಞರ ಮಂಡಲಿಯೊಂದು ರಚಿಸಿದ ನೀತಿಸೂತ್ರಗಳು ಅತಿಥಿಗಳಿಂದ ಆತಿಥೇಯರಿಗೆ ತಗಲುವ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದವು. ಸ್ಥಳೀಯ ವೈದ್ಯನು ತನ್ನ ರೋಗಿಗಳನ್ನು ಬಿಟ್ಟು ಈ ಅತಿಥಿಗಳಿಗೆ ಪಾಠ ಹೇಳುತ್ತ ನಿಂತರೆ ನಷ್ಟವು ಯಾರದು?

ಹಾಗೆಂದು ವಂತಿಗೆಯನ್ನೇ ನಿಲ್ಲಿಸಬೇಕೆಂಬ ವಾದವನ್ನು ನಾವು ಒಪ್ಪಲಾರೆವು. ಭಾರತದಿಂದಲೂ ಜನರ ವಂತಿಗೆಯಿಂದ ವೈದ್ಯರು ಪರದೇಶಕ್ಕೆ ಹೋದುದುಂಟು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಕ್ಕೆ ಕಾಂಗ್ರೆಸ್ ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲೊಬ್ಬರಾದ ಡಾ. ದ್ವಾರಕಾನಾಥ ಕೋಟ್ನೀಸರು ಸೊಲ್ಲಾಪುರದವರು. ಮುಂಬಯಿಯಲ್ಲಿ ವೈದ್ಯವಿದ್ಯೆಯನ್ನು ಪೂರೈಸಿದ್ದವರು. ಅವರು ಚೀನೀ ಭಾಷೆಯನ್ನು ಕಲಿತರು, ಅಲ್ಲಿಯ ತರುಣರಿಗೆ ಪಾಠ ಹೇಳಿದರು, 1942ರ ಡಿಸೆಂಬರ್ 9ರಂದು 32ರ ಹರೆಯದಲ್ಲಿ ಅಲ್ಲಿಯೇ ಮಡಿದರು. ಹತ್ತು ದಿನದ ವಿದ್ಯಾರ್ಥಿಯಿಂದ ಯಾರೂ ಅಷ್ಟನ್ನು ನಿರೀಕ್ಷಿಸುವುದಿಲ್ಲ. ಆದರೂ ಹೊಂಡುರಾಸಿಗೆ ಹೊರಟವನು ನಾಲ್ಕು ಮಾತು ಸ್ಪ್ಯಾನಿಷ್ ಕಲಿಯಬಹುದು. ತಾನು ಹೋಗುತ್ತಿರುವುದು ಮುಖ್ಯವಾಗಿ ಕಲಿಯುವುದಕ್ಕೆಂದು ಒಪ್ಪಿಕೊಳ್ಳಬಹುದು. ಅದರಲ್ಲಿ ನಾಚಿಕೆಯೇನಿದೆ?

ಕೋರಿಕೆಯ ಪತ್ರ ಬಂದಾಗ ಕೇಳಬೇಕಾದವು ಕೆಲವೇ. ವಿಮಾನದ ಟಿಕೇಟಿಗೆಷ್ಟು, ಔಷಧಕ್ಕೆಷ್ಟು, ಅಲ್ಲಿಯ ದಾದಿಯ ಸಂಬಳಕ್ಕೆಷ್ಟು? ರೋಗಿಯನ್ನು ನೋಡುವ ವೈದ್ಯರು ಯಾರು? ತಂಡವು ಮರಳಿದ ಮೇಲೆ ಗುಳಿಗೆ ಕೊಡುವವರು ಯಾರು? ಉತ್ತರ ಬಂದ ಬಳಿಕ ಹಣ ಕಳುಹಿಸಿದರೂ ತಡವೇನಾಗದು.